ಆಂಟಾಲಜಿ ಸಂಪಾದನೆಯಲ್ಲಿ ಪದಗಳನ್ನೂ ಕೊಂಡಿಗಳನ್ನೂ ಸೋಸುವ ಕ್ರಮ: ಒಂದು ವಿಮರ್ಶೆ

೧

ಇತಿಹಾಸವನ್ನು ಬೋಧಿಸುವವನು ಗಣಕಯಂತ್ರದ ತಂತ್ರಾಂಶವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಆಧಾರಗಳನ್ನು ಆರಿಸುವುದು, ಆರಿಸದೆ ಬಿಟ್ಟುದರ ಲೆಕ್ಕವನ್ನು ಇಡುವುದು, ಇವೆರಡೂ ನಮ್ಮ ಶಾಸ್ತ್ರದ ನಿತ್ಯಕರ್ಮಗಳು. ಈ ಕೆಲಸವನ್ನೇ ಯಂತ್ರವೊಂದು ನಮ್ಮ ಪರವಾಗಿ ಮಾಡತೊಡಗಿದಾಗ ಅದು ಯಾವ ನಿಯಮವನ್ನು ಅನುಸರಿಸುತ್ತದೆ, ಅದರ ಫಲವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವ ಹಕ್ಕು ನಮಗೂ ಉಂಟು. ಆಂಟಾಲಜಿ ಸಂಪಾದನೆಯ ತಂತ್ರಾಂಶಗಳಲ್ಲಿರುವ ಸೋಸುವ ಸೌಲಭ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆಂಟಾಲಜಿ ಎಂಬ ಮಾತು ತತ್ತ್ವಶಾಸ್ತ್ರದ್ದು. ಅಲ್ಲಿ ಅದಕ್ಕೆ ಸತ್ತಾವಿಚಾರವೆಂದು ಅರ್ಥ. ಗಣಕಶಾಸ್ತ್ರಜ್ಞರು ಅದನ್ನು ಎರವಲು ಪಡೆದು ಹೆಚ್ಚು ಮಿತವಾದ ಅರ್ಥದಲ್ಲಿ ಬಳಸುತ್ತಾರೆ. ಒಂದು ಜ್ಞಾನಶಾಖೆಯಲ್ಲಿ ಬರುವ ಪದಗಳು, ಪ್ರತಿಯೊಂದು ಪದದ ಲಕ್ಷಣವಾಕ್ಯ, ಒಂದು ಪದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ, ಇವನ್ನು ಯಂತ್ರವು ಓದಿ ತರ್ಕಿಸಬಲ್ಲ ರೀತಿಯಲ್ಲಿ ಜೋಡಿಸಿದ ಕೋಶವೇ ಅವರ ಆಂಟಾಲಜಿ. ನಿಘಂಟಿನಲ್ಲಿ ಪದಗಳು ಅಕಾರಾದಿಯಾಗಿ ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಇಲ್ಲಿ ಅವು ಕೊಂಡಿಗಳಿಂದ ಬಂಧಿತವಾಗಿರುತ್ತವೆ. ಆದುದರಿಂದ ಇಲ್ಲಿ ಅರ್ಥವು ಪದದಲ್ಲಿ ಎಷ್ಟಿದೆಯೋ ಕೊಂಡಿಯಲ್ಲಿಯೂ ಅಷ್ಟೇ ಇದೆ. ಮುಂದಿನ ವಿಚಾರವೆಲ್ಲ ಈ ಒಂದು ಮಾತನ್ನು ಅವಲಂಬಿಸಿದೆ.

ಉದಾಹರಣೆಗೆ ಜೀವವಿಜ್ಞಾನಿಗಳ ಜೀನ್ ಆಂಟಾಲಜಿಯನ್ನು ತೆಗೆದುಕೊಳ್ಳುತ್ತೇನೆ. ೧೯೯೮ರಲ್ಲಿ ಹಣ್ಣುನೊಣ, ಯೀಸ್ಟ್ ಮತ್ತು ಇಲಿಗಳ ಜೀನುಗಳನ್ನು ಕುರಿತ ಮಾಹಿತಿಯನ್ನು ಕೂಡಿಡುತ್ತಿದ್ದ ಮೂರು ತಂಡಗಳು ಒಂದೇ ಕ್ರಿಯೆಯನ್ನು ಬೇರೆ ಬೇರೆ ಹೆಸರುಗಳಿಂದ ಕರೆಯುವ ಗೊಂದಲವನ್ನು ನೀಗಲು ಒಟ್ಟುಗೂಡಿದವು. ೨೦೦೦ದಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಮೈಕೇಲ್ ಆಶ್‌ಬರ್ನರ್ ಮತ್ತು ಸಹೋದ್ಯೋಗಿಗಳು ತಮ್ಮ ಯೋಜನೆಯನ್ನು ಲೋಕಕ್ಕೆ ನಿವೇದಿಸಿದರು. ಅಣುಮಟ್ಟದ ಕಾರ್ಯ, ಜೈವಿಕ ಪ್ರಕ್ರಿಯೆ, ಕೋಶದ ಅಂಗ ಎಂಬ ಮೂರು ಶಾಖೆಗಳಲ್ಲಿ ಇಂದು ಸುಮಾರು ೪೦,೦೦೦ ಪದಗಳಿವೆ. ಇದರ ರಚನೆ ವಂಶವೃಕ್ಷದಂತೆ ಅಲ್ಲ. ಒಂದು ಪದಕ್ಕೆ ಒಂದಕ್ಕಿಂತ ಹೆಚ್ಚು ಪಿತೃಪದಗಳು ಇರಬಹುದು. ಮೈಟೊಕಾಂಡ್ರಿಯನ್ ಎಂಬುದು ಕೋಶಾಂಗದ ಒಂದು ಬಗೆಯೂ ಹೌದು, ಸೈಟೊಪ್ಲಾಸಮ್ಮಿನ ಭಾಗವೂ ಹೌದು. ಮೊದಲನೆಯದು ‘ಬಗೆ’ ಎಂಬ ಸಂಬಂಧ, ಎರಡನೆಯದು ‘ಭಾಗ’ ಎಂಬ ಸಂಬಂಧ.

ಈ ಕೋಶವನ್ನು ತಿದ್ದಿ ಬೆಳೆಸಲು ಬರ್ಕ್‌ಲಿಯ ತಂಡವೊಂದು ಜಾವಾ ಭಾಷೆಯಲ್ಲಿ ರಚಿಸಿದ ಸಾಧನ ಓಬಿಓ-ಎಡಿಟ್. ಮೊದಲು ಡ್ಯಾಗ್-ಎಡಿಟ್ ಎಂಬ ಹೆಸರಿನಿಂದ ಇದ್ದ ಈ ತಂತ್ರಾಂಶವನ್ನು ಕುರಿತ ವಿವರಣೆ ೨೦೦೭ರಲ್ಲಿ ‘ಬಯೋಇನ್ಫರ್ಮ್ಯಾಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈಗ ಅದರ ಬೆಳವಣಿಗೆ ನಿಂತಿದೆ. ಜೀನ್ ಆಂಟಾಲಜಿಯ ಸಂಪಾದಕರು ಸ್ಟ್ಯಾನ್‌ಫರ್ಡ್‌ನಲ್ಲಿ ಬೆಳೆದ ಪ್ರೊಟೆಜೆ ಎಂಬ ಸಾಧನಕ್ಕೆ ಹೋಗಿದ್ದಾರೆ. ನಿಂತುಹೋದುದನ್ನು ವಿಮರ್ಶಿಸುವುದೇಕೆ ಎಂದು ಕೇಳಬಹುದು. ಪದವನ್ನು ಸೋಸುವುದು ಬೇರೆ, ಕೊಂಡಿಯನ್ನು ಸೋಸುವುದು ಬೇರೆ ಎಂಬ ವಿವೇಕವನ್ನು ಅದು ಬಹು ಸ್ಪಷ್ಟವಾಗಿ ಎತ್ತಿಹಿಡಿಯಿತು. ಸಾಧನವು ಹಳತಾದರೂ ಆ ವಿವೇಕವಾಗಲಿ, ಅದು ಹುಟ್ಟಿಸಿದ ಪ್ರಶ್ನೆಗಳಾಗಲಿ ಹಳತಾಗಿಲ್ಲ.

೨

ನಲವತ್ತು ಸಾವಿರ ಪದಗಳನ್ನು ಯಾವ ಸಂಪಾದಕನೂ ಒಮ್ಮೆಗೆ ಕಣ್ಣಮುಂದೆ ಇಟ್ಟುಕೊಳ್ಳಲಾರನು. ಆದಕಾರಣ ಜರಡಿ ಬೇಕು. ಪದದ ಜರಡಿಯು ಹೆಸರು, ಸಂಖ್ಯೆ, ಲಕ್ಷಣವಾಕ್ಯ, ಪರ್ಯಾಯನಾಮ, ಶಾಖೆ ಮೊದಲಾದವುಗಳಲ್ಲಿ ಒಂದನ್ನು ನೋಡಿ, ಹೇಳಿದ ಷರತ್ತಿಗೆ ಒಪ್ಪುವ ಪದಗಳನ್ನು ಮಾತ್ರ ಉಳಿಸುತ್ತದೆ. ಇಂಥ ಷರತ್ತುಗಳನ್ನು ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮಾತುಗಳಿಂದ ಸೇರಿಸಿ ಬೇಕಾದಷ್ಟು ಸೂಕ್ಷ್ಮವಾದ ಜರಡಿಯನ್ನು ಹೆಣೆಯಬಹುದು. ಕೊಂಡಿಯ ಜರಡಿ ಇದಕ್ಕಿಂತ ಗಹನವಾದುದು. ಕೊಂಡಿಗೆ ಮೂರು ಅಂಗಗಳು: ಮೇಲಿನ ಪದ, ಕೆಳಗಿನ ಪದ, ನಡುವಣ ಸಂಬಂಧದ ಜಾತಿ. ಇವುಗಳಲ್ಲಿ ಯಾವುದರ ಮೇಲಾದರೂ ಷರತ್ತನ್ನು ಹಾಕಬಹುದು. ‘ಭಾಗ’ ಸಂಬಂಧದ ಕೊಂಡಿಗಳನ್ನು ಮಾತ್ರ ತೋರಿಸು ಎಂದರೆ ಜೀವಕೋಶದ ಅಂಗರಚನೆ ಕಾಣುತ್ತದೆ. ‘ಬಗೆ’ ಸಂಬಂಧದವನ್ನು ಮಾತ್ರ ತೋರಿಸು ಎಂದರೆ ಅದೇ ಪದಗಳು ಜಾತಿ ಉಪಜಾತಿಗಳಾಗಿ ಬೇರೊಂದು ವಿನ್ಯಾಸವನ್ನು ತಾಳುತ್ತವೆ.

ಇದರ ಉಪಕಾರ ದೊಡ್ಡದು. ಒಂದೇ ಸಂಗ್ರಹವನ್ನು ಹಲವು ಮುಖಗಳಿಂದ ನೋಡಬೇಕೆಂಬುದು ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ರಂಗನಾಥನ್ ಅವರು ೧೯೩೩ರಲ್ಲಿಯೇ ತಮ್ಮ ಕೋಲನ್ ವರ್ಗೀಕರಣದಿಂದ ತೋರಿಸಿದ ದಾರಿ. ಅವರು ೧೯೬೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರದ ಕಾರಣದಿಂದ ಈ ವಿಚಾರ ನಮ್ಮ ನಾಡಿಗೂ ಅಪರಿಚಿತವಲ್ಲ. ಇನ್ನೊಂದು ಗುಣವನ್ನೂ ಹೇಳತಕ್ಕದ್ದು. ಸಂಪಾದಕನು ಕೈಯಾರೆ ಹಾಕಿದ ಕೊಂಡಿಯನ್ನೂ ಯಂತ್ರವು ತರ್ಕದಿಂದ ಊಹಿಸಿದ ಕೊಂಡಿಯನ್ನೂ ಬೇರೆಯಾಗಿ ಗುರುತಿಸಲು ಇಂಥ ಸಾಧನಗಳಲ್ಲಿ ಅವಕಾಶವಿದೆ. ಶಾಸನದಲ್ಲಿ ಇರುವುದು ಯಾವುದು, ಶಾಸನದಿಂದ ನಾವು ಅನುಮಾನಿಸಿದ್ದು ಯಾವುದು ಎಂಬ ಭೇದವನ್ನು ನಮ್ಮ ಎಷ್ಟೋ ಇತಿಹಾಸಗ್ರಂಥಗಳು ಇಷ್ಟು ನಿಷ್ಠೆಯಿಂದ ಪಾಲಿಸುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

೩

ಇನ್ನು ದೋಷವಿಚಾರ. ಮೊದಲನೆಯದು, ನಡುವಣ ಪದ ಬಿದ್ದುಹೋದಾಗ ಏನಾಗಬೇಕೆಂಬುದು. ‘ಅ’ ಎಂಬುದು ‘ಆ’ದ ಒಂದು ಬಗೆ, ‘ಆ’ ಎಂಬುದು ‘ಇ’ಯ ಒಂದು ಬಗೆ ಎಂದಿಟ್ಟುಕೊಳ್ಳೋಣ. ಜರಡಿಯು ‘ಆ’ವನ್ನು ಬಿಟ್ಟಿತು. ಈಗ ‘ಅ’ದ ಗತಿಯೇನು? ಮೂರು ದಾರಿಗಳುಂಟು. ತಂದೆಯಿಲ್ಲದ ಅದನ್ನು ಮೂಲಪದವೆಂಬಂತೆ ಬೇರೆಯಾಗಿ ನಿಲ್ಲಿಸಬಹುದು, ನೇರವಾಗಿ ‘ಇ’ಗೆ ಕಟ್ಟಬಹುದು, ಅಥವಾ ‘ಆ’ವನ್ನು ಮಸುಕಾಗಿ ತೋರಿಸಿ, ಇಲ್ಲಿ ಒಂದು ಪದವಿತ್ತು ಎಂದು ಸೂಚಿಸಬಹುದು. ಮೊದಲನೆಯದು ಸುಳ್ಳು ಹೇಳುತ್ತದೆ. ಎರಡನೆಯದು ನಿಜವನ್ನೇ ಹೇಳುತ್ತದೆ, ಆದರೆ ಪೂರ್ತಿಯಾಗಿ ಹೇಳುವುದಿಲ್ಲ. ಮೂರನೆಯದು ನೋಟಕ್ಕೆ ತೊಡಕಾದರೂ ಪ್ರಾಮಾಣಿಕ.

ಈಚಿನ ಸಾಧನಗಳ ಕರ್ತರು ಈ ತೊಡಕನ್ನು ಬಲ್ಲರು. ೨೦೧೯ರಲ್ಲಿ ವಿವರಣೆ ಪ್ರಕಟವಾದ ರೋಬಾಟ್ ಎಂಬ ಸಾಧನದಲ್ಲಿ ಪದಗಳನ್ನು ಸೋಸುವ ಆಜ್ಞೆಗೆ ರಚನೆಯನ್ನು ಕಾಪಾಡುವ ವಿಕಲ್ಪವೊಂದುಂಟು. ಬೇಡವೆಂದು ಹೇಳದಿದ್ದರೆ, ಬಿಟ್ಟ ಪದದ ಆಚೀಚೆಯ ಪದಗಳನ್ನು ಅದು ತಾನಾಗಿಯೇ ಜೋಡಿಸುತ್ತದೆ. ಇದು ಎರಡನೆಯ ದಾರಿ. ಅದು ಸಾಧುವೇ ಹೌದು. ಆದರೆ ಹೀಗೆ ಹುಟ್ಟಿದ ಕೊಂಡಿಯು ಸಂಪಾದಕನು ಹಾಕಿದ ಕೊಂಡಿಯಂತೆಯೇ ಕಾಣುವುದರಿಂದ, ಸೋಸಿದ ಕಡತವನ್ನು ಮಾತ್ರ ನೋಡಿದವನಿಗೆ ಹೊಲಿಗೆಯ ಗುರುತು ಸಿಕ್ಕುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಜರಡಿಯು ನೋಟವನ್ನು ಮಾತ್ರ ಬದಲಿಸುತ್ತದೆ, ಕೋಶವು ಹಾಗೆಯೇ ಇರುತ್ತದೆ, ಆದುದರಿಂದ ಹಾನಿಯೇನೂ ಇಲ್ಲ ಎಂದು ಕೆಲವರು ಹೇಳುವರು. ತೆರೆಯ ಮೇಲಣ ಜರಡಿಗೆ ಈ ಮಾತು ಸಲ್ಲುತ್ತದೆ. ಆದರೆ ಓಬಿಓ-ಎಡಿಟ್‌ನಲ್ಲಿ ಸೋಸಿದುದನ್ನೇ ಹೊಸ ಕಡತವಾಗಿ ಉಳಿಸುವ ಸೌಲಭ್ಯವೂ ಇತ್ತು. ರೋಬಾಟ್‌ನ ಕೆಲಸವಂತೂ ಹೊಸ ಕಡತವನ್ನು ಕೊಡುವುದೇ. ಒಮ್ಮೆ ಉಳಿಸಿದ ಕಡತ ಕೈಯಿಂದ ಕೈಗೆ ಹೋಗುತ್ತದೆ. ಅದರ ಜರಡಿ ಜೊತೆಯಲ್ಲಿ ಹೋಗುವುದಿಲ್ಲ. ಹೀಗೆ ಉಳಿಸುವಾಗ ಕೆಲವು ಕೊಂಡಿಗಳ ಒಂದು ತುದಿಯ ಪದ ಕಡತದಿಂದ ಹೊರಗೆ ಉಳಿಯುವುದುಂಟು. ಇವನ್ನು ತೂಗಾಡುವ ಕೊಂಡಿಗಳೆಂದು ಸಂಪಾದಕರು ದೋಷವಾಗಿ ಎಣಿಸುತ್ತಾರೆ. ನನಗಾದರೋ ಅವು ಗುಣವಾಗಿಯೇ ಕಾಣುತ್ತವೆ. ಶಿಲೆ ಒಡೆದು ಅಕ್ಷರ ಹೋದ ಕಡೆ ಶಾಸನಸಂಪಾದಕನು ಚುಕ್ಕೆಗಳನ್ನು ಹಾಕುತ್ತಾನಲ್ಲದೆ ಅಕ್ಕಪಕ್ಕದ ಅಕ್ಷರಗಳನ್ನು ಕೂಡಿಸಿ ಅಚ್ಚುಹಾಕಿಸುವುದಿಲ್ಲ. ತೂಗಾಡುವ ಕೊಂಡಿಯೂ ಅಂಥ ಚುಕ್ಕೆಯ ಸಾಲೇ ಸರಿ.

೪

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಅದು ಕೊಂಡಿಯ ಜರಡಿಗೆ ಸೇರಿದ್ದು. ಸಂಬಂಧಗಳೆಲ್ಲ ಒಂದೇ ಬಲದವಲ್ಲ. ಡಿ.ಎನ್.ಎ. ನಕಲಾಗುವ ಕವಲು ಕ್ರೋಮೋಸೋಮಿನ ಭಾಗವೆಂದು ಜೀನ್ ಆಂಟಾಲಜಿ ಹೇಳಿದರೆ, ಪ್ರತಿಯೊಂದು ಕವಲೂ ಯಾವುದೋ ಒಂದು ಕ್ರೋಮೋಸೋಮಿನಲ್ಲಿ ಇದ್ದೇ ಇರುತ್ತದೆಯೆಂದು ಮಾತ್ರ ಅರ್ಥ. ಪ್ರತಿಯೊಂದು ಕ್ರೋಮೋಸೋಮಿನಲ್ಲಿಯೂ ಸದಾ ಕವಲು ಇರುತ್ತದೆಯೆಂದು ಅರ್ಥವಲ್ಲ. ಕೆಳಗಿನಿಂದ ಮೇಲಕ್ಕೆ ನಿಜವಾದ ಮಾತು ಮೇಲಿನಿಂದ ಕೆಳಕ್ಕೆ ನಿಜವಾಗಬೇಕಿಲ್ಲ. ‘ಬಗೆ’ ಮತ್ತು ‘ಭಾಗ’ ಸಂಬಂಧಗಳ ದಾರಿಯಲ್ಲಿ ಮೇಲೇರಿ ಜೀನುಗಳನ್ನು ಒಟ್ಟುಗೂಡಿಸಬಹುದು. ‘ಇದರಲ್ಲಿ ಇಂಥ ಭಾಗವಿದೆ’ ಎಂಬ ತಿರುಗುಮುರುಗಾದ ಸಂಬಂಧದ ದಾರಿಯಲ್ಲಿ ಹಾಗೆ ಒಟ್ಟುಗೂಡಿಸಿದರೆ ಲೆಕ್ಕ ತಪ್ಪುತ್ತದೆ. ಜರಡಿಯು ಸಂಬಂಧದ ಹೆಸರನ್ನು ನೋಡುತ್ತದೆ. ಅದರ ದಿಕ್ಕಿನಲ್ಲಿ ಅಡಗಿರುವ ತರ್ಕವನ್ನು ನೋಡುವ ಹೊಣೆ ಜರಡಿ ಹಿಡಿದವನದು.

ಅಲ್ಲದೆ ಸಂಬಂಧಗಳಿಗೂ ಇತಿಹಾಸವುಂಟು. ಒಂದು ಪ್ರಕ್ರಿಯೆಯ ನಿಯಂತ್ರಣವನ್ನು ಸೂಚಿಸುವ ಪದಗಳು ಜೀನ್ ಆಂಟಾಲಜಿಯಲ್ಲಿ ಮೊದಲು ಆ ಪ್ರಕ್ರಿಯೆಯ ಭಾಗಗಳೆಂದೇ ದಾಖಲಾಗುತ್ತಿದ್ದವು. ೨೦೦೮ರಲ್ಲಿ ‘ನಿಯಂತ್ರಿಸುತ್ತದೆ’ ಎಂಬ ಪ್ರತ್ಯೇಕ ಸಂಬಂಧವೂ, ಹೆಚ್ಚಿಸುವ ಮತ್ತು ತಗ್ಗಿಸುವ ನಿಯಂತ್ರಣಗಳೆಂಬ ಅದರ ಎರಡು ಪ್ರಭೇದಗಳೂ ಬಳಕೆಗೆ ಬಂದವು. ಕುದುರೆಯನ್ನು ನಡೆಸುವ ಸವಾರನು ಕುದುರೆಯ ಭಾಗವಲ್ಲವಷ್ಟೆ; ಆದುದರಿಂದ ತಿದ್ದುಪಡಿ ಯುಕ್ತವೇ. ಆದರೆ ‘ಭಾಗ’ ಕೊಂಡಿಗಳನ್ನು ಮಾತ್ರ ಉಳಿಸುವ ಒಂದೇ ಜರಡಿಯನ್ನು ಆ ವರ್ಷದ ಹಿಂದಿನ ಕೋಶಕ್ಕೂ ಮುಂದಿನ ಕೋಶಕ್ಕೂ ಹಿಡಿದರೆ ಬೇರೆ ಬೇರೆ ಫಲ ಬರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವನು ಜೀವಕೋಶದ ವಿಷಯದಲ್ಲಿ ಹೊಸ ಸಂಗತಿಯೊಂದು ತಿಳಿದುಬಂತೆಂದು ಭ್ರಮಿಸಬಹುದು. ವಾಸ್ತವವಾಗಿ ಬದಲಾದದ್ದು ಜೀವಕೋಶವಲ್ಲ, ಅದನ್ನು ಕುರಿತು ಮಾತನಾಡುವ ರೀತಿ. ಜನಗಣತಿಯ ವರದಿಗಳಲ್ಲಿ ಜಾತಿ ವೃತ್ತಿಗಳ ಶೀರ್ಷಿಕೆಗಳು ಒಂದು ದಶಕದಿಂದ ಇನ್ನೊಂದಕ್ಕೆ ಮಾರ್ಪಟ್ಟುದನ್ನು ಗಮನಿಸದೆ ಸಮಾಜವೇ ಮಾರ್ಪಟ್ಟಿತೆಂದು ಬರೆದವರ ತಪ್ಪೂ ಇದೇ ಜಾತಿಯದು.

ಮೂರನೆಯದಾಗಿ, ಬಳಕೆ ತಪ್ಪಿದ ಪದಗಳ ವಿಚಾರ. ಜೀನ್ ಆಂಟಾಲಜಿಯಲ್ಲಿ ಯಾವ ಪದವನ್ನೂ ಅಳಿಸಿಹಾಕುವುದಿಲ್ಲ. ತಪ್ಪೆಂದು ಕಂಡುಬಂದ ಪದಕ್ಕೆ ಬಳಕೆ ತಪ್ಪಿದ್ದೆಂಬ ಮುದ್ರೆ ಬೀಳುತ್ತದೆ. ಅದರ ಬದಲು ಯಾವುದನ್ನು ಬಳಸಬೇಕು, ಅಥವಾ ಯಾವುದನ್ನು ಪರಿಶೀಲಿಸಬಹುದು ಎಂಬ ಸೂಚನೆಯನ್ನೂ ಸೇರಿಸುವುದುಂಟು. ಎರಡು ಪದಗಳನ್ನು ಒಂದಾಗಿಸಿದರೆ ಲೋಪವಾದುದರ ಸಂಖ್ಯೆ ಉಳಿದುದರ ಪರ್ಯಾಯಸಂಖ್ಯೆಯಾಗಿ ನಿಲ್ಲುತ್ತದೆ. ಇದು ಇತಿಹಾಸಜ್ಞನ ಮನಸ್ಸಿಗೆ ಬಹಳ ಹಿತವಾದ ವ್ಯವಸ್ಥೆ. ಆದರೆ ಬಳಕೆ ತಪ್ಪಿದುದನ್ನು ತೋರಿಸಬೇಡವೆಂಬ ಜರಡಿಯನ್ನು ಸಾಮಾನ್ಯವಾಗಿ ಎಲ್ಲರೂ ಮೊದಲೇ ಹಾಕಿಕೊಂಡಿರುತ್ತಾರೆ. ನಿತ್ಯದ ಕೆಲಸಕ್ಕೆ ಅದು ಸರಿ. ವಿದ್ಯಾರ್ಥಿಗೆ ಮಾತ್ರ ಅದರಿಂದ ನಷ್ಟವುಂಟು: ಇಂದಿನ ಜ್ಞಾನವು ಎಂದೆಂದಿಗೂ ಹೀಗೆಯೇ ಇತ್ತೆಂದು ಅವನು ತಿಳಿಯುತ್ತಾನೆ. ವಿದ್ವಾಂಸರು ಎಲ್ಲಿ ತಪ್ಪಿದರು, ಹೇಗೆ ತಿದ್ದಿಕೊಂಡರು ಎಂಬ ಪಾಠ ಅವನಿಗೆ ದೊರೆಯುವುದಿಲ್ಲ.

೫

ಇವೆಲ್ಲ ದೂರದ ಜೀವಶಾಸ್ತ್ರದ ಮಾತುಗಳೆಂದು ವಾಚಕರು ಉಪೇಕ್ಷಿಸಬಾರದೆಂದು, ನನಗೇ ಆದ ಒಂದು ಅನುಭವವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ಸ್ನಾತಕೋತ್ತರ ತರಗತಿಯ ಕೆಲವು ವಿದ್ಯಾರ್ಥಿಗಳೂ ಸೇರಿ ಕನ್ನಡ ಶಾಸನಗಳ ದತ್ತಿ ಮತ್ತು ಸ್ಮಾರಕಗಳ ಪದಗಳನ್ನು ಇಂಥ ಒಂದು ಸಾಧನದಲ್ಲಿ ಜೋಡಿಸತೊಡಗಿದೆವು. ಬ್ರಹ್ಮದೇಯ, ಸರ್ವಮಾನ್ಯ, ಕಟ್ಟುಕೊಡಗೆ, ಬಿತ್ತುವಟ್ಟ ಮೊದಲಾದವು ಭೂದತ್ತಿಯ ಬಗೆಗಳಾಗಿ ಒಂದು ಕಡೆ ನಿಂತವು; ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗೆ ಮೊದಲಾದವು ಸ್ಮಾರಕಶಿಲೆಯ ಬಗೆಗಳಾಗಿ ಇನ್ನೊಂದು ಕಡೆ ನಿಂತವು. ನೆತ್ತರುಕೊಡಗೆಯನ್ನು ಭೂದತ್ತಿಯ ಬಗೆಯೆಂದು ಬರೆದು, ಹೋರಾಡಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿಯಾದುದರಿಂದ, ‘ನಿಮಿತ್ತ’ ಎಂಬ ಸಂಬಂಧದಿಂದ ಅದನ್ನು ವೀರಗಲ್ಲಿಗೆ ಕಟ್ಟಿದೆವು.

ತೆರೆಯ ಮೇಲೆ ಗೆರೆಗಳು ಹೆಚ್ಚಾಗಿ ಓದಲು ಕಷ್ಟವಾದುದರಿಂದ, ‘ಬಗೆ’ ಕೊಂಡಿಗಳನ್ನು ಮಾತ್ರ ತೋರಿಸುವ ಜರಡಿಯನ್ನು ನಾನೇ ಹಾಕಿ, ಹಾಗೆ ಸೋಸಿದ ಕಡತವನ್ನು ವಿದ್ಯಾರ್ಥಿಗಳಿಗೆ ಹಂಚಿದೆ. ಮುಂದಿನ ವರ್ಷ ಒಬ್ಬ ವಿದ್ಯಾರ್ಥಿಯು ಅದೇ ಕಡತದ ಆಧಾರದಿಂದ ಪ್ರಬಂಧವನ್ನು ಬರೆದು, ವೀರಗಲ್ಲುಗಳಿಗೂ ಭೂಹಿಡುವಳಿಗೂ ಯಾವ ಸಂಬಂಧವೂ ಕಂಡುಬರುವುದಿಲ್ಲವೆಂದು ತೀರ್ಮಾನಿಸಿದನು. ಅವನು ಕಡತವನ್ನು ಶ್ರದ್ಧೆಯಿಂದ ಓದಿದ್ದನು; ಅದರಲ್ಲಿ ನಿಜವಾಗಿಯೂ ಅಂಥ ಸಂಬಂಧ ಇರಲಿಲ್ಲ. ಅದನ್ನು ತೆಗೆದವನು ನಾನು. ಪ್ರಬಂಧದ ಅಂಚಿನಲ್ಲಿ ‘ತಪ್ಪು’ ಎಂದು ಬರೆಯಲು ಲೇಖನಿಯೆತ್ತಿದಾಗ, ಆ ತಪ್ಪು ಯಾರದು ಎಂಬ ಪ್ರಶ್ನೆ ನನ್ನ ಕೈಯನ್ನು ತಡೆಯಿತು.

ಆಗ ನಾನು ಅವನಿಗೆ ಓದಲು ಕೊಟ್ಟದ್ದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಹತ್ತನೆಯ ಶತಮಾನದ ಆ ಕಲ್ಲು ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಸ್ಮಾರಕ. ಆ ಕಲ್ಲಿನ ಪೂಜೆಗೆ ಬಿಟ್ಟ ಭೂಮಿಯ ದತ್ತಿಪತ್ರ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ನಾಡುಗಳನ್ನು ಕೊಟ್ಟುದರ ದಾಖಲೆ. ಸ್ಮಾರಕವೆಂದು ಸೋಸಿದರೆ ರಾಜಕೀಯ ಹೋಗುತ್ತದೆ; ರಾಜಕೀಯವೆಂದು ಸೋಸಿದರೆ ನಾಯಿ ಹೋಗುತ್ತದೆ; ಎರಡನ್ನೂ ಉಳಿಸಿಕೊಂಡು ಕೊಂಡಿಯನ್ನು ಬಿಟ್ಟರೆ, ಯುದ್ಧದ ಒಡೆಯನಿಗೂ ನಾಯಿಯ ಒಡೆಯನಿಗೂ ನಡುವೆ ಇದ್ದ ಸ್ವಾಮಿಭೃತ್ಯಭಾವವೇ ಹೋಗುತ್ತದೆ. ಆ ಕಾಲದ ಸಮಾಜವನ್ನು ಕುರಿತು ಶಾಸನವು ಹೇಳುವ ಮುಖ್ಯವಾದ ಮಾತು ಆ ಕೊಂಡಿಯಲ್ಲಿಯೇ ಇದೆ.

೬

ನಮ್ಮ ಪ್ರಾಚೀನ ದಾರ್ಶನಿಕರು ಇಲ್ಲಿ ಬೇಕಾದ ನಿಯಮವನ್ನು ಹೇಳಿಯೇ ಇದ್ದಾರೆ. ಒಂದು ವಸ್ತು ಕಾಣಲಿಲ್ಲವೆಂಬುದರಿಂದ ಅದು ಇಲ್ಲವೆಂದು ತಿಳಿಯುವುದನ್ನು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವಾಗಿ ಒಪ್ಪಿದರು. ಆದರೆ ಅದಕ್ಕೆ ಯೋಗ್ಯತೆ ಎಂಬ ಕಟ್ಟನ್ನು ಹಾಕಿದರು. ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸ್ಥಿತಿಯಲ್ಲಿ ಮಾತ್ರ, ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣ. ಬೆಳಕಿರುವ ನೆಲದಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಸೋಸಿದ ನೋಟ ಅರ್ಧ ಬೆಳಕಿನ ನೆಲ. ಬೆಳಕು ಎಲ್ಲಿಯವರೆಗೆ ಇದೆಯೆಂದು ತಿಳಿಯದೆ ಅಲ್ಲಿ ಗಡಿಗೆಯಿಲ್ಲವೆಂದು ಹೇಳಲಾಗದು. ವಿಚಿತ್ರವೆಂದರೆ, ಪ್ರೊಟೆಜೆ ಮೊದಲಾದ ಸಾಧನಗಳು ಬಳಸುವ ಔಲ್ ಭಾಷೆಯ ತರ್ಕವೂ ಇದಕ್ಕೆ ಸಮ್ಮತವಾಗಿದೆ: ಅಲ್ಲಿ ಹೇಳದೆ ಬಿಟ್ಟುದು ಸುಳ್ಳೆಂದು ಎಣಿಸಲ್ಪಡುವುದಿಲ್ಲ. ಒಳಗಿನ ತರ್ಕಕ್ಕೆ ಇರುವ ಈ ವಿನಯ ಹೊರಗಿನ ನೋಟಕ್ಕೆ ಇಲ್ಲದಿರುವುದೇ ನಮ್ಮ ದೂರು.

ಹಾಗೆಂದು ಜರಡಿಯನ್ನು ಬಿಸಾಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಒಳ್ಳೆಯ ಸೋಸುವಿಕೆಗೆ ಜೀನ್ ಆಂಟಾಲಜಿಯಲ್ಲಿಯೇ ಒಂದು ಮಾದರಿಯುಂಟು. ಸ್ಲಿಮ್ ಎಂದು ಕರೆಯುವ ಸಂಕ್ಷಿಪ್ತ ಕೋಶಗಳಲ್ಲಿ ಸ್ಥೂಲವಾದ ಕೆಲವೇ ಪದಗಳಿರುತ್ತವೆ. ಬಿಟ್ಟ ಸೂಕ್ಷ್ಮಪದಗಳಿಗೆ ಸೇರಿದ ಜೀನುಗಳು ಮಾತ್ರ ಕಳೆದುಹೋಗದೆ, ಮೇಲಿನ ಪದದ ಲೆಕ್ಕಕ್ಕೆ ಸೇರುತ್ತವೆ. ಕೆಳಗಿನ ಪದ ಸಲ್ಲುವಲ್ಲಿ ಅದರ ಪೂರ್ವಜಪದಗಳೆಲ್ಲ ಸಲ್ಲಬೇಕೆಂಬ ನಿಯಮವನ್ನು ಆ ಕೋಶದವರು ಕಟ್ಟುನಿಟ್ಟಾಗಿ ಪಾಲಿಸುವುದರಿಂದ ಇದು ಸಾಧ್ಯವಾಗಿದೆ. ಇಲ್ಲಿ ವಿವರ ಕಡಿಮೆಯಾಗುತ್ತದೆ, ಆದರೆ ಸಾಕ್ಷಿ ನಾಶವಾಗುವುದಿಲ್ಲ. ಮರೆಮಾಡುವುದಕ್ಕೂ ಸಂಕ್ಷೇಪಿಸುವುದಕ್ಕೂ ಇರುವ ಅಂತರ ಇದೇ.

ಆದುದರಿಂದ ಸಾಧನಗಳನ್ನು ರಚಿಸುವವರಲ್ಲಿ ಮೂರು ಬೇಡಿಕೆಗಳನ್ನು ಇಡಬಹುದು. ಸೋಸಿದ ಪ್ರತಿಯೊಂದು ನೋಟದಲ್ಲಿಯೂ ಮರೆಯಾದ ಪದಗಳೆಷ್ಟು, ಕೊಂಡಿಗಳೆಷ್ಟು ಎಂಬ ಸಂಖ್ಯೆ ಕಾಣುತ್ತಿರಬೇಕು. ಬಿಟ್ಟ ಪದವನ್ನು ಹಾರಿ ಕಟ್ಟಿದ ಕೊಂಡಿ ಬೇರೆ ಬಗೆಯ ಗೆರೆಯಲ್ಲಿರಬೇಕು. ಸೋಸಿ ಉಳಿಸಿದ ಕಡತದ ಒಳಗೇ ಜರಡಿಯ ಷರತ್ತೂ ಮೂಲಕೋಶದ ದಿನಾಂಕವೂ ಬರೆದಿರಬೇಕು. ನಮ್ಮ ವಿದ್ಯಾರ್ಥಿಗಳಿಗೆ ಹೇಳತಕ್ಕದ್ದು ಇನ್ನೂ ಸರಳ: ‘ಕಂಡುಬರುವುದಿಲ್ಲ’ ಎಂದು ಬರೆಯುವ ಮುನ್ನ ಜರಡಿಯನ್ನು ತೆಗೆದು ಇನ್ನೊಮ್ಮೆ ನೋಡಿರಿ, ಆಮೇಲೂ ಹಾಗೆಯೇ ಬರೆಯುವುದಾದರೆ ಯಾವ ಜರಡಿಯಿಂದ ನೋಡಿದಿರೆಂಬುದನ್ನು ಅದರ ಕೆಳಗೇ ಬರೆಯಿರಿ.

ಕೊನೆಯ ಮಾತು ಅಧ್ಯಾಪಕರಿಗೆ. ಪಠ್ಯಕ್ರಮ, ಟಿಪ್ಪಣಿ, ಪ್ರಶ್ನಪತ್ರಿಕೆ ಇವೂ ಜರಡಿಗಳೇ. ಅವನ್ನು ಹಿಡಿದವರು ನಾವು. ಆ ವಿದ್ಯಾರ್ಥಿಯ ಪ್ರಬಂಧಕ್ಕೆ ನಾನು ಪೂರ್ಣವಾದ ಕಡತವನ್ನು ಲಗತ್ತಿಸಿ ಹಿಂದಿರುಗಿಸಿದೆ. ಅವನು ತೀರ್ಮಾನವನ್ನು ಬದಲಿಸಿದನು. ಅಂದಿನಿಂದ ನಾನು ಹಂಚುವ ಪ್ರತಿಯೊಂದು ಕಡತದ ಮೊದಲ ಸಾಲಿನಲ್ಲಿ, ಇದರಲ್ಲಿ ಏನನ್ನು ಬಿಟ್ಟಿದ್ದೇನೆಂಬುದನ್ನು ಬರೆಯುವ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ.